ಹೊಳ್ಳಿ ಬರೋ ದಾರಿ

ಶನಿವಾರ ನಾನೇ ನಮ್ಮ ನಂಬರ್ ಬದಲಿಸಿದ್ದೆ.
ಹತ್ತು ಚುಕ್ಕಿ ನಾಲ್ಕು ಇದ್ದದ್ದು ಹತ್ತು ಚುಕ್ಕಿ ಏಳು ಆತು.
ಸೋಮವಾರ ಸಂಜಿಗೆ
ಬೀದರದ ರಕ್ತನಿಧಿಯ ನೆಲಮಾಳಿಗಿಯಾಗ ಕೂತು
ಔರಾದಿನ ಫ್ರಿಜ್ಜಿನ್ಯಾಗ ಎಷ್ಟು ಚೀಲ ರಕ್ತ ಅದಾವಂತ ಕೇಳಿದ್ರ
ಔರಾದ ಮಾತಾಡಲಿಲ್ಲ.

ವಾಯರ್ ಕಿತ್ತಿ, ಊದಿ, ಮತ್ತ ಚುಚ್ಚಿದೆ.
(ಊದಿದ್ರ ಏನೂ ಆಗೂದಿಲ್ಲ. ಗೊತ್ತದ. ಊದತೀನಿ.)
ನನಗ ನಾನೇ ಪಿಂಗ್ ಹೊಡೆದೆ: ಇದ್ದೀನಿ.
ಬಾಗಿಲ ಕಾಯೋ ರೌಟರಿಗೆ ಹೊಡೆದೆ: ಅದಾನ,
ಒಂದು ಮಿಲಿಸೆಕೆಂಡಿನ್ಯಾಗ ಓ ಅಂದ.
ಔರಾದಿಗೆ ಹೊಡೆದೆ:
ನೂರಕ್ಕ ನೂರು ನಷ್ಟ.

ಟ್ರೇಸ್‌ರೂಟ್ ಬಿಟ್ಟೆ.
ಮೊದಲನೇ ಮೆಟ್ಟಲು ನಮ್ಮ ಬಾಗಿಲು.
ಎರಡನೇದು ಸಂತಪುರ.
ಮೂರನೇದು
* * *
ನಾಲ್ಕನೇದು
* * *
ಕರೀ ಪರದಿ ಮ್ಯಾಲ ಬರೇ ಚಿಕ್ಕಿ, ಅಮಾಸಿ ರಾತ್ರಿ ಹಂಗ.

ನೌಬಾದಿನ ಸುರಂಗ ಬಾವಿಯ ಹೂಳು ತೆಗಿಲಿಕ್ಕ
ನಮ್ಮ ಓಣಿಯ ಖಾಜಾಸಾಬ್ ಕಾಕಾ ಹೋಗತಿದ್ದ.
ನೀರು ಎಲ್ಲಿ ಕಟ್ಟ್ಯಾದ ಅಂತ ತಿಳೀಲಿಕ್ಕ
ಮ್ಯಾಲಿನ ಬಾವಿಗೆ ಒಂದು ಮುಷ್ಟಿ ಹೊಟ್ಟು ಚೆಲ್ಲಿ
ಕೆಳಗಿನ ಬಾವಿಯ ದಂಡಿಗೆ ಓಡಿ ಬಂದು ಬಗ್ಗಿ ಕೂಡತಿದ್ದ.
ಹೊಟ್ಟು ಬಂತೋ, ಇಲ್ಲಿ ತನಕ ಸೈ, ಮುಂದಿಂದು ನೋಡು.
ಬರಲಿಲ್ಲೋ, ಈ ಎರಡು ಬಾವಿ ನಡುವ ಇಳಿ.
ನಾನೂ ಹಂಗೇ ಬಗ್ಗಿ ಕೂತೆ.
ಸಂತಪುರದ ಆಚಿಗೆ ಹೂಳು ಅದ ಅಂತ ತೀರ್ಮಾನ ಮಾಡಿ
ಒಂದು ತಾಸು ಅಲ್ಲಿನ ಟವರಿನವರಿಗೆ ಬೈದೆ.
ಅವರೂ ಬೈದ್ರು.

ಕಡೀಕ ಔರಾದಿನ ಝರೆಪ್ಪಗ ಫೋನ್ ಹಚ್ಚಿದೆ.
ಫ್ರಿಜ್ ಕಾಯೋ ಮನುಷ್ಯಾ. ಕಂಪ್ಯೂಟರ್ ಒರಸತಾನ, ಮುಟ್ಟಾಂಗಿಲ್ಲ.
ಟಿ, ಸಿ, ಪಿ, ಡಿ, ಯು, ಎಂ, ಪಿ ಅಂದೆ.
ಒಂದೊಂದು ಅಕ್ಷರ ಹುಡುಕಿ ಹುಡುಕಿ ಒತ್ತಿದ,
ಅಂಗಳದಾಗ ಬಿದ್ದ ಮೂಗುತಿ ಹುಡುಕಿದಂಗ.
ಆಮ್ಯಾಲ ಸುಮ್ಮಾದ.
"ಬಾಯಾರ, ನೀವು ಬರಲತ್ತೀರಿ."
ಏನು?
"ನಿಮ್ಮ ಏಳು ಅಂಬೋದು ಬರಲತ್ತದ್ರಿ. ಸೆಕೆಂಡಿಗೊಂದು, ಬಿಡದಂಗ.
ಇದೂ ಉತ್ತರ ಕೊಡಲತ್ತದ."

ಹೊಟ್ಟು ಮುಟ್ಟಿತ್ತು.
ಚಿಕ್ಕಿ ಅಂದ್ರ ಹೋಗಲಿಲ್ಲ ಅಂತಲ್ಲ.
ಹೋದದ್ದರ ಸುದ್ದಿ ಹೊಳ್ಳಿ ಬರಲಿಲ್ಲ ಅಂತ, ಅಷ್ಟೇ.
ಕಾಕಾನ ನೀರು ಒಂದೇ ಕಡಿ ಹರೀತಿತ್ತು,
ಅಂವಗ ಈ ತ್ರಾಸ ಇರಲಿಲ್ಲ.

ಔರಾದಿನ ಮಷೀನಿಗೆ ನಾಲ್ಕು ಗೊತ್ತು, ಏಳು ಗೊತ್ತಿಲ್ಲ.
ಗುರುತಿಲ್ಲದವರ ಉತ್ತರವನ್ನೆಲ್ಲ ಅದು
ಡಾಂಗಲ್ಲಿನ ಬಾಗಿಲಿಂದ ಊರ ಹೊರಗ ಒಗೀತಿತ್ತು,
ಮರ್ಯಾದಿಯಿಂದ, ಒಂದೊಂದನ್ನೂ.
ತಪ್ಪು ಅದರದಲ್ಲ.
ಮನಿ ಬದಲಿಸಿ ವಿಳಾಸ ಹೇಳದ ಬಂದಾಕಿ ನಾನು.

ಐಪಿ. ಜಾಗ ಬಿಡು. ರೂಟ್. ಜಾಗ ಬಿಡು. ಆ್ಯಡ್.
"ಅಡ್ಡಗೀಟು ಯಾವ ಕಡಿ ವಾಲಬೇಕ್ರಿ?"
ಬಲಕ್ಕ, ಝರೆಪ್ಪ. ಬಲಕ್ಕ.
ಒತ್ತಿದ.
ನಲವತ್ತೊಂದು ಮಿಲಿಸೆಕೆಂಡ್.
ಬಿ ಪಾಸಿಟಿವ್ ಆರು, ಓ ನೆಗೆಟಿವ್ ಒಂದು.

"ಇದು ಹಿಂಗೇ ಇರ್ತದೇನ್ರಿ, ಕರೆಂಟ್ ಹೋಗಿ ಬಂದ್ರ?"
ಇರೂದಿಲ್ಲ. ಫೈಲಿನ್ಯಾಗ ಬರದಿಡಬೇಕು.
ಮತ್ತ ಅಕ್ಷರ, ಮತ್ತ ಅಡ್ಡಗೀಟು. ಹತ್ತೂವರಿ ಆತು.

ಮರುದಿನ ಮುಂಜಾನೆ ಬಂದು ನೋಡತೀನಿ,
ಔರಾದಿನಿಂದ ಪಿಂಗ್, ಸೆಕೆಂಡಿಗೊಂದು, ರಾತ್ರಿಯಿಂದ.
ಮೂವತ್ತಾರು ಸಾವಿರ ದಾಟ್ಯಾವ.
ತಾನೇ ಕಲಿತು ಹೊಡೆದಾನ.
ನಿಲ್ಲಸೋದು ಹೆಂಗಂತ ನಾ ಹೇಳಿರಲಿಲ್ಲ.
ನನ್ನ ಮಷೀನ್ ಒಂದಕ್ಕೂ ಓ ಅನ್ನೋದು ಬಿಟ್ಟಿರಲಿಲ್ಲ.

ಫೋನ್ ಎತ್ತಿದೆ.
ಚಹಾ ಕುಡಿದು ಹೇಳಿದ್ರಾತು ಅಂತ ಇಟ್ಟೆ.